ಡಿ ಡ್ರೈವ್ ಅಂದರೆ ಪಡಸಾಲೆ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ತಿರುಗುತ್ತಿವೆ. ಇರೋದು ಒಂದು ಕಂಪ್ಯೂಟರು, ಕೂರುವವರು ಹತ್ತು ಜನ. ಐದೂ ದಾವಣಗೆರೆ, ಚಿತ್ರದುರ್ಗದ ಕಡೆಯವೇ ಆಗಿರೋದು ಕಾಕತಾಳೀಯ ಇರಬಹುದು. ಮೊಬೈಲ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ, ಡಿಟಿಪಿ ಕೆಲಸವನ್ನೂ ಮಾಡುತ್ತೇನೆ. ಕಂಪ್ಯೂಟರ್ ಒಂದೇ. ಗಿರಾಕಿಗಳು ತಾವೇ ಕೂತು ಮೇಲ್ ತೆಗೆದು ಪ್ರಿಂಟ್ ಕೊಡುತ್ತಾರೆ, ಕಾಲೇಜು ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ತಿದ್ದುತ್ತಾರೆ. ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಬೇರೆಯವರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಎಲ್ಲಾ ಇವೆ, ನನ್ನ ಉದ್ರಿ ಲೆಕ್ಕವೂ ಇದೆ. ಫೋಲ್ಡರ್ ಹೈಡ್ ಮಾಡಿಟ್ಟಿದ್ದೆ. ಒಬ್ಬ ಹುಡುಗ ಎರಡೇ ನಿಮಿಷದಲ್ಲಿ ತೆಗೆದು "ಆಂಟಿ, ಇದನ್ಯಾಕೆ ಹೈಡ್ ಮಾಡೀರಿ?" ಅಂತ ನನ್ನನ್ನೇ ಕೇಳಿದ. ಗೆಸ್ಟ್ ಅಕೌಂಟ್ ಮಾಡಿ ಅಂತ ಯಾರೋ ಹೇಳಿದರು. ಮಾಡೋಕೆ ಹೋದರೆ ವಿಂಡೋಸ್ 11 ಗೆಸ್ಟ್ ಅನ್ನೋ ಹೆಸರನ್ನೇ ತಗೊಳ್ತಿಲ್ಲ. ಏನು ಮಾಡಲಿ? (ಹೆಸರು ಬೇಡ, ದಾವಣಗೆರೆ)

ಉತ್ತರ: ಆ ಹುಡುಗನಿಗೆ ಬೈಬೇಡಿ ಮೇಡಂ, ಉಪಕಾರ ಮಾಡಿದ್ದಾನೆ. ಹೈಡ್ ಮಾಡೋದು ಅಂದರೆ ಬಾಗಿಲಿಗೆ ಪರದೆ ಬಿಟ್ಟ ಹಾಗೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ' ಒತ್ತಿ, 'ಶೋ' ಒಳಗೆ 'ಹಿಡನ್ ಐಟಮ್ಸ್' ಟಿಕ್ ಮಾಡಿದರೆ ಪರದೆ ಸರಿಯಿತು. ಆಲ್ಟ್ ಹಿಡಿದು 255 ಒತ್ತಿ ಹೆಸರೇ ಇಲ್ಲದ ಫೋಲ್ಡರ್ ಮಾಡೋದು, ಅದಕ್ಕೆ ಕಾಣದ ಐಕಾನ್ ಹಾಕೋದು, ಇವೆಲ್ಲಾ ನಾವು ಕಾಲೇಜಿನಲ್ಲಿದ್ದಾಗ ಮಾಡಿ ಮೀಸೆ ತಿರುವಿದ ಆಟಗಳು. ಅಂಗಡಿಗೆ ಆಗಿಬರೋದಿಲ್ಲ.

ಮೊದಲು ಡಿ ಡ್ರೈವ್ ವಿಷಯ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ನಮ್ಮ ಕಡೆ ಕಂಪ್ಯೂಟರ್ ಜೋಡಿಸಿಕೊಡುವವರು ಎಲ್ಲರಿಗೂ ಹೇಳೋದು ಒಂದೇ ಮಾತು: "ಫೈಲ್ ಎಲ್ಲಾ ಡಿಯಲ್ಲಿ ಇಡ್ರಿ, ನಾಳೆ ಸಿ ಫಾರ್ಮ್ಯಾಟ್ ಹೊಡೆದರೂ ಉಳೀತಾವೆ." ಮಾತು ಸುಳ್ಳಲ್ಲ. ಆದರೆ ವಿಂಡೋಸ್ ಪ್ರತಿ ಬಳಕೆದಾರರಿಗೂ ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರಿನೊಳಗೆ ಒಂದೊಂದು ಕೋಣೆ ಕಟ್ಟಿಕೊಡುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಇರೋದು ಆ ಕೋಣೆಯಲ್ಲೇ. ಅದಕ್ಕೆ ಕೋಣೆಯ ಯಜಮಾನ, ಅಡ್ಮಿನಿಸ್ಟ್ರೇಟರ್ (ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆ) ಮತ್ತು ಖುದ್ದು ವಿಂಡೋಸ್ ಬಿಟ್ಟರೆ ಯಾರಿಗೂ ಪ್ರವೇಶ ಇಲ್ಲ. ಡಿ ಡ್ರೈವ್ ಹಾಗಲ್ಲ, ಅದು ಪಡಸಾಲೆ. ಬಂದವರೆಲ್ಲಾ ಕೂರಬಹುದು. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕಿನ ಮೇಲೆ ಫೈಲ್ ಜೋಡಿಸಿಡುವ ಪದ್ಧತಿ) ಫಾರ್ಮ್ಯಾಟ್ ಮಾಡಿದ ಡಿ ಡ್ರೈವ್ ಮೇಲೆ 'ಅಥೆಂಟಿಕೇಟೆಡ್ ಯೂಸರ್ಸ್' ಅನ್ನೋ ಗುಂಪಿಗೆ, ಅಂದರೆ ಲಾಗಿನ್ ಆಗಿ ಒಳಗೆ ಬಂದ ಯಾರಿಗೇ ಆಗಲಿ, ಓದುವ ಹಕ್ಕಷ್ಟೇ ಅಲ್ಲ, ತಿದ್ದುವ ಅಳಿಸುವ ಹಕ್ಕೂ ಮೊದಲಿನಿಂದಲೇ ಇರುತ್ತದೆ. ಬೇರೆ ಅಕೌಂಟ್ ಮಾಡಿಕೊಟ್ಟು 'ಸದ್ಯ, ಆಯ್ತು' ಅಂತ ನಿಟ್ಟುಸಿರು ಬಿಟ್ಟವರು ಇಲ್ಲೇ ಎಡವೋದು.

ಇನ್ನು ಗೆಸ್ಟ್. ಆ ಹೆಸರಿನ ಖಾತೆಯೊಂದು ವಿಂಡೋಸ್ ಒಳಗೆ ಮೊದಲೇ ಇದೆ, ಮಲಗಿದೆ. ಅದಕ್ಕೇ ಅದೇ ಹೆಸರಲ್ಲಿ ಇನ್ನೊಂದು ಮಾಡೋಕೆ ಬಿಡುತ್ತಿಲ್ಲ. ವಿಂಡೋಸ್ 7ರಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಆನ್ ಮಾಡಿದರೆ ಲಾಗಿನ್ ಪರದೆಯಲ್ಲಿ ಬಂದು ಕೂರುತ್ತಿತ್ತು. 2015ರಲ್ಲಿ ಬಂದ ವಿಂಡೋಸ್ 10ರಿಂದ ಆ ಸೌಕರ್ಯ ತೆಗೆದುಬಿಟ್ಟರು. ಆದರೆ 'ಗೆಸ್ಟ್ಸ್' ಅನ್ನೋ ಗುಂಪು ಇನ್ನೂ ಇದೆ. ನಮಗೆ ಬೇಕಿರೋದು ಅದೇ.

ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ 'ಅದರ್ ಯೂಸರ್ಸ್', ಅಲ್ಲಿ 'ಆಡ್ ಅಕೌಂಟ್' ಒತ್ತಿ. ಮೇಲ್ ಐಡಿ ಕೇಳುತ್ತದೆ. ಕೊಡಬೇಡಿ. ಕೆಳಗೆ 'ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಹತ್ತಿರ ಇಲ್ಲ' ಅನ್ನುವ ಅರ್ಥದ ಸಣ್ಣ ಸಾಲು ಇರುತ್ತದೆ, ಅದನ್ನು ಒತ್ತಿ. ಮುಂದಿನ ಪರದೆಯಲ್ಲಿ 'ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸಿ' ಅನ್ನೋದನ್ನು ಒತ್ತಿ. ಹೆಸರು 'ಗಿರಾಕಿ' ಅಂತಲೇ ಇಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೂ ನಡೆಯುತ್ತದೆ, ಖಾಲಿ ಪಾಸ್‌ವರ್ಡ್ ಇರುವ ಖಾತೆಯನ್ನು ನೆಟ್‌ವರ್ಕ್ ಮೂಲಕ ಒಳಗೆ ಬರಲು ವಿಂಡೋಸ್ ತಾನಾಗಿಯೇ ಬಿಡೋದಿಲ್ಲ. ನಿಮ್ಮ ಖಾತೆಗೆ ಮಾತ್ರ ಗಟ್ಟಿ ಪಾಸ್‌ವರ್ಡ್ ಇರಲೇಬೇಕು. ಅಂಗಡಿ ಹೆಸರು, ಒಂದು ಎರಡು ಮೂರು, ಮಗಳ ಹೆಸರು ಇವು ಬೇಡ.

ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಒಂದು ಸಣ್ಣ ಡಬ್ಬಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯೂ, ಐ, ಜೆಡ್ ಅಂತ ಒಟ್ಟಿಗೆ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಖಾತೆಗಳ ಪಟ್ಟಿ ಬರುತ್ತದೆ. 'ಗಿರಾಕಿ' ಆಯ್ದು ಪ್ರಾಪರ್ಟೀಸ್, 'ಗ್ರೂಪ್ ಮೆಂಬರ್‌ಶಿಪ್', 'ಅದರ್', ಅಲ್ಲಿ ಗೆಸ್ಟ್ಸ್ ಆರಿಸಿ ಓಕೆ ಕೊಡಿ. ಈ ಗುಂಪಿನಲ್ಲಿ ನಿಮ್ಮಂಥ ಅಂಗಡಿಯವರಿಗೆ ಒಂದು ದೊಡ್ಡ ಲಾಭ ಇದೆ. ಗೆಸ್ಟ್ಸ್ ಗುಂಪಿನವರು ಸೈನ್ ಔಟ್ ಆದ ತಕ್ಷಣ ಅವರ ಕೋಣೆಯನ್ನೇ ವಿಂಡೋಸ್ ಗುಡಿಸಿ ಹಾಕುತ್ತದೆ. ಡೌನ್‌ಲೋಡ್ ಆಗಿದ್ದು, ಡೆಸ್ಕ್‌ಟಾಪ್ ಮೇಲೆ ಬಿಟ್ಟಿದ್ದು, ಬ್ರೌಸರ್‌ನಲ್ಲಿ ಮರೆತು ಹೋದ ಮೇಲ್ ಲಾಗಿನ್, ಎಲ್ಲವೂ ಹೋಗುತ್ತದೆ. ಹಾಗಾಗಿ ಪ್ರಾಜೆಕ್ಟ್ ಹುಡುಗರಿಗೆ ಮೊದಲೇ ಹೇಳಿಬಿಡಿ, ಪೆನ್‌ಡ್ರೈವ್‌ಗೋ ಮೇಲ್‌ಗೋ ಹಾಕಿಕೊಂಡೇ ಏಳಬೇಕು ಅಂತ. ಇಲ್ಲದಿದ್ದರೆ ಅರವತ್ತು ಪುಟ ಟೈಪ್ ಮಾಡಿದವನು ನಿಮ್ಮ ಅಂಗಡಿ ಮುಂದೆ ಅಳುತ್ತಾ ನಿಲ್ಲುತ್ತಾನೆ. ಇನ್ನೊಂದು, ಒಬ್ಬರು ಎದ್ದ ಮೇಲೆ 'ಸೈನ್ ಔಟ್' ಕೊಡಬೇಕು. 'ಸ್ವಿಚ್ ಯೂಸರ್' ಕೊಟ್ಟರೆ ಏನೂ ಅಳಿಯೋದಿಲ್ಲ.

ಇಷ್ಟಾದರೂ ಡಿ ಡ್ರೈವ್ ತೆರೆದೇ ಇದೆ, ನೆನಪಿದೆ ತಾನೇ? ಪಾಸ್‌ವರ್ಡ್ ಇಲ್ಲದ 'ಗಿರಾಕಿ' ಕೂಡ ಲಾಗಿನ್ ಆಗಿ ಬಂದವನೇ. ಇದಕ್ಕೆ ಎರಡು ದಾರಿ. ಸುಲಭದ್ದು ಅಂದರೆ ಗಿರಾಕಿಗಳ ಫೋಲ್ಡರ್ ಪೂರ್ತಿ ನಿಮ್ಮ ಖಾತೆಯ ಡಾಕ್ಯುಮೆಂಟ್ಸ್ ಒಳಗೆ ಒಯ್ದುಬಿಡೋದು. ಕೋಣೆಗೆ ಬೀಗ ಹೇಗೂ ಇದೆ. ಸಿ ಫಾರ್ಮ್ಯಾಟ್ ಆದರೆ ಹೋಗುತ್ತಲ್ಲ ಅಂತೀರಿ. ಹೌದು, ಹೋಗುತ್ತೆ. ಹಾರ್ಡ್ ಡಿಸ್ಕ್ ಕೆಟ್ಟರೆ ಡಿ ಕೂಡ ಹೋಗುತ್ತೆ, ಯಾಕಂದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಮನೆಯಲ್ಲಿಡಿ.

ಎರಡನೇ ದಾರಿ ಡಿಯಲ್ಲೇ ಇಟ್ಟು ಬೀಗ ಹಾಕೋದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಮೊದಲು 'ಆಡ್' ಒತ್ತಿ ನಿಮ್ಮ ಹೆಸರು ಸೇರಿಸಿ 'ಫುಲ್ ಕಂಟ್ರೋಲ್' ಕೊಡಿ. ಇದು ಮೊದಲು, ಮರೀಬೇಡಿ. ಆಮೇಲೆ 'ಡಿಸೇಬಲ್ ಇನ್‌ಹೆರಿಟೆನ್ಸ್'. ಅದು ಎರಡು ಆಯ್ಕೆ ಕೇಳುತ್ತದೆ: ಮೇಲಿನಿಂದ ಬಂದ ಹಕ್ಕುಗಳನ್ನು ಉಳಿಸಿಕೊಂಡು ತಿದ್ದಬೇಕಾ, ಪೂರ್ತಿ ತೆಗೆಯಬೇಕಾ ಅಂತ. 'ಕನ್ವರ್ಟ್' ಅಂತ ಶುರುವಾಗುವ ಮೊದಲನೆಯದನ್ನು ಆರಿಸಿ. ಈಗ ಪಟ್ಟಿಯಲ್ಲಿ 'ಅಥೆಂಟಿಕೇಟೆಡ್ ಯೂಸರ್ಸ್' ಮತ್ತು 'ಯೂಸರ್ಸ್' ಸಾಲುಗಳನ್ನು ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್, ನಿಮ್ಮ ಹೆಸರು ಇವು ಇರಲಿ. ಕೆಳಗಡೆ 'ರಿಪ್ಲೇಸ್ ಆಲ್ ಚೈಲ್ಡ್' ಅಂತ ಶುರುವಾಗುವ ಚೌಕಕ್ಕೂ ಟಿಕ್ ಹಾಕಿ, ಒಳಗಿನ ಹಳೇ ಫೈಲುಗಳಿಗೂ ಹೊಸ ನಿಯಮ ಹತ್ತುತ್ತದೆ. ಇದು ಯಾಕೆ ಬೇಕು ಅಂದರೆ, ಒಂದೇ ಡ್ರೈವ್ ಒಳಗೆ ಫೈಲನ್ನು ಕಟ್ ಮಾಡಿ ಪೇಸ್ಟ್ ಮಾಡಿದಾಗ ಅದು ತನ್ನ ಹಳೇ ಹಕ್ಕುಗಳನ್ನು ಹೊತ್ತುಕೊಂಡೇ ಬರಬಹುದು. ಕಾಪಿ ಮಾಡಿದರೆ ಹೊಸ ಜಾಗದ ನಿಯಮ ಪಾಲಿಸುತ್ತದೆ.

ಮುಗಿದ ಮೇಲೆ 'ಗಿರಾಕಿ'ಯಾಗಿ ಲಾಗಿನ್ ಆಗಿ ನೀವೇ ಕಳ್ಳರ ಹಾಗೆ ಒಮ್ಮೆ ತಡಕಾಡಿ ನೋಡಿ. ಫೋಲ್ಡರ್ ಹೆಸರು ಕಾಣುತ್ತದೆ, ಒಳಗೆ ಬಿಡೋದಿಲ್ಲ. ಹೆಸರೂ ಎಲ್ಲರಿಗೂ ಕಾಣುವಂಥದ್ದು, ಅದಕ್ಕೇ ಫೋಲ್ಡರಿಗೆ 'ಇಂಥವರ ಲೋನ್ ಬಾಕಿ' ಅಂತೆಲ್ಲಾ ಹೆಸರಿಡಬೇಡಿ.

ಇಷ್ಟೆಲ್ಲಾ ಮಾಡಿ, ಎದ್ದು ಟೀ ಕುಡಿಯೋಕೆ ಹೋಗುವಾಗ ನಿಮ್ಮ ಖಾತೆ ತೆರೆದಿಟ್ಟು ಹೋದರೆ ಎಲ್ಲಾ ನೀರಲ್ಲಿ ಹೋಮ. ವಿಂಡೋಸ್ ಕೀ ಜೊತೆ ಎಲ್ ಒತ್ತೋದು ಕೈಗೆ ರೂಢಿಯಾಗಲಿ. ಹೋದ ಮಳೆಗಾಲ ನಾನೊಂದು ಅಂಗಡಿಗೆ ಪಹಣಿ ಪ್ರಿಂಟ್ ತೆಗೆಸಲು ಹೋಗಿದ್ದೆ. ಅಂಗಡಿಯವರು "ನೀವೇ ತಗೊಳ್ರಿ ಸರ್" ಅಂತ ಕುರ್ಚಿ ಬಿಟ್ಟುಕೊಟ್ಟು ಮಂಡಕ್ಕಿ ಮೆಣಸಿನಕಾಯಿ ತರಲು ಹೋದರು. ಡೆಸ್ಕ್‌ಟಾಪ್ ತುಂಬಾ ಊರಿನವರ ಆಧಾರ್. ನನಗೆ ಗೊತ್ತಿರುವವರೊಬ್ಬರ ವಿಚ್ಛೇದನದ ಅರ್ಜಿಯೂ ಅಲ್ಲೇ ಇತ್ತು, ಫೈಲ್ ಹೆಸರಿನಲ್ಲೇ ಎಲ್ಲಾ ಬರೆದಿತ್ತು. ಓದದೇ ಎದ್ದು ಬಂದೆ ಅಂತ ಹೇಳಿದರೆ ನೀವು ನಂಬಬೇಕು ಅಷ್ಟೇ. ಕೆಲಸ ಮುಗಿದ ಸ್ಕ್ಯಾನ್‌ಗಳನ್ನು ಇಟ್ಟುಕೊಳ್ಳೋದೇ ಬೇಡ ಮೇಡಂ. ಗಿರಾಕಿ ಹೋದ ಮೇಲೆ ಅವರ ಆಧಾರ್ ನಿಮಗ್ಯಾಕೆ? ಶಿಫ್ಟ್ ಒತ್ತಿ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಲ್ಲೂ ಉಳಿಯೋದಿಲ್ಲ.

ಪ್ರಶ್ನೆ: ರಜೆಗೆ ಬಂದ ಮೊಮ್ಮಗನೂ ಅವನ ಗೆಳೆಯರೂ ನನ್ನ ಲ್ಯಾಪ್‌ಟಾಪ್ ಬಿಡೋದಿಲ್ಲ. ಪಿಂಚಣಿ ಕಾಗದ, ಹಳೆ ಫೋಟೋ ಇರುವ ಫೋಲ್ಡರನ್ನು ಯಾರೂ ಮುಟ್ಟಬಾರದು ಅಂತ ಸೆಕ್ಯುರಿಟಿಗೆ ಹೋಗಿ 'ಎವರಿಒನ್' ಸೇರಿಸಿ 'ಡಿನೈ' ಟಿಕ್ ಹಾಕಿದೆ. ಈಗ ನನಗೇ ತೆರೆಯುತ್ತಿಲ್ಲ. ಫೋಟೋಗಳು ಹೋದವೇ? (ನಿವೃತ್ತ ಶಿಕ್ಷಕ, ಚಿತ್ರದುರ್ಗ)

ಉತ್ತರ: ಹೋಗಿಲ್ಲ ಮೇಷ್ಟ್ರೇ, ನೆಮ್ಮದಿಯಾಗಿರಿ. 'ಎವರಿಒನ್' ಅಂದರೆ ಎಲ್ಲರೂ, ಆ ಎಲ್ಲರಲ್ಲಿ ನೀವೂ ಒಬ್ಬರು. ಒಂದೇ ಫೋಲ್ಡರಿನಲ್ಲಿ ಒಂದು ಸಾಲು 'ಬಿಡು' ಅಂದು ಇನ್ನೊಂದು 'ಬೇಡ' ಅಂದರೆ ವಿಂಡೋಸ್ 'ಬೇಡ'ದ ಮಾತನ್ನೇ ಕೇಳುತ್ತದೆ. ಏಳು ಸುತ್ತಿನ ಕೋಟೆ ಕಟ್ಟಿದವರೂ ತಾವು ಓಡಾಡೋಕೆ ಬಾಗಿಲು ಇಟ್ಟುಕೊಂಡಿದ್ದರಲ್ವಾ, ನೀವು ಅದನ್ನೂ ಮುಚ್ಚಿಬಿಟ್ಟಿದ್ದೀರಿ. ಈ ತಪ್ಪು ನಾನೂ ಮಾಡಿದ್ದೇನೆ. ಬೇರೆಯವರ ಕಂಪ್ಯೂಟರಿನಲ್ಲಿ ಮಾಡಿದ್ದೆ, ಅದರ ಕಥೆ ಬೇಡ.

ಫೋಲ್ಡರ್ ಮಾಡಿದವರಿಗೆ, ಅಂದರೆ 'ಓನರ್'ಗೆ, ಒಳಗೆ ಹೋಗುವ ಹಕ್ಕು ಇಲ್ಲದಿದ್ದರೂ ಹಕ್ಕುಗಳ ಪಟ್ಟಿ ತಿದ್ದುವ ಹಕ್ಕು ಇದ್ದೇ ಇರುತ್ತದೆ. ಅದೇ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ. 'ಎವರಿಒನ್, ಡಿನೈ' ಸಾಲು ಕಂಡರೆ ಅದನ್ನು ಆಯ್ದು 'ರಿಮೂವ್' ಕೊಡಿ, ಓಕೆ. ಪಟ್ಟಿ ತೋರಿಸಲು ತಕರಾರು ಮಾಡಿದರೆ ಮೇಲ್ಗಡೆ 'ಓನರ್' ಪಕ್ಕದ 'ಚೇಂಜ್' ಒತ್ತಿ ನಿಮ್ಮ ಹೆಸರು ಕೊಡಿ, ಕಿಟಕಿ ಮುಚ್ಚಿ ಮತ್ತೆ ತೆಗೆಯಿರಿ. ನಿಮ್ಮದು ಅಡ್ಮಿನಿಸ್ಟ್ರೇಟರ್ ಖಾತೆ ಆಗಿದ್ದರೆ ಇದು ಖಂಡಿತ ಆಗುತ್ತದೆ.

ಮುಂದಕ್ಕೆ 'ಡಿನೈ' ಬೇಕೇ ಬೇಕು ಅನಿಸಿದರೆ ಗುಂಪಿನ ಹೆಸರಿಗೆ ಕೊಡಬೇಡಿ, ಮೊಮ್ಮಗನ ಖಾತೆಯ ಹೆಸರಿಗೇ ಕೊಡಿ. 'ಯೂಸರ್ಸ್' ಗುಂಪಿಗೆ ಕೊಟ್ಟರೂ ಇದೇ ಫಜೀತಿ, ಅದರಲ್ಲೂ ನೀವಿರುತ್ತೀರಿ. ಆದರೆ ಅವನಿಗೆ ಬೇರೆ ಖಾತೆ ಇದೆಯಾ ಅನ್ನೋದನ್ನು ನೀವು ಬರೆದಿಲ್ಲ. ಎಲ್ಲರೂ ನಿಮ್ಮ ಖಾತೆಯಲ್ಲೇ ಕೂತು ಆಡುತ್ತಿದ್ದರೆ ಯಾವ ಹಕ್ಕಿನ ಪಟ್ಟಿಯೂ ಕೆಲಸಕ್ಕೆ ಬರೋದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವನೇ ನೀವು. ಅವನಿಗೆ 'ಸ್ಟ್ಯಾಂಡರ್ಡ್' ಖಾತೆ ಮಾಡಿಕೊಡಿ, ಅಡ್ಮಿನಿಸ್ಟ್ರೇಟರ್ ಬೇಡ. ಅಡ್ಮಿನಿಸ್ಟ್ರೇಟರ್ ಆದವನು ನಾನು ಈಗ ಹೇಳಿದ 'ಓನರ್ ಚೇಂಜ್' ತಂತ್ರದಿಂದಲೇ ನಿಮ್ಮ ಬೀಗ ತೆಗೆಯಬಲ್ಲ. ಇಂಥದ್ದನ್ನೆಲ್ಲಾ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ನೀವು ಹೇಳುವ ಹಾಗೆ ಎಲ್ಲಾ ಪರ್ಮಿಷನ್ ಹಾಕಿದ್ದೆ. ರೂಮ್‌ಮೇಟ್ ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಬೂಟ್ ಮಾಡಿ ನನ್ನ ಫೋಲ್ಡರ್ ಎಲ್ಲಾ ತೆರೆದು ತೋರಿಸಿದ. ಹಾಗಾದರೆ ಪರ್ಮಿಷನ್ ಯಾಕೆ ಸರ್? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಪರ್ಮಿಷನ್ ಅಂದರೆ ಕಾವಲುಗಾರನ ಕೈಯಲ್ಲಿರುವ ಪಟ್ಟಿ. ಕಾವಲುಗಾರ ಅಂದರೆ ಓಡುತ್ತಿರುವ ವಿಂಡೋಸ್. ಅವನನ್ನೇ ಎಬ್ಬಿಸದೆ ಹಿತ್ತಲಿಂದ ಬಂದವನಿಗೆ ಪಟ್ಟಿ ಓದಿ ಹೇಳುವವರು ಯಾರು? ಚಿತ್ರದುರ್ಗದ ಕಿಂಡಿ ಕಥೆ ಗೊತ್ತಲ್ಲ, ಹೆಬ್ಬಾಗಿಲು ಭದ್ರ ಇದ್ದರೂ ಹೈದರನ ಸೈನಿಕರು ತೂರಿದ್ದು ಕಿಂಡಿಯಲ್ಲಿ. ಓಬವ್ವ ಒನಕೆ ಹಿಡಿದು ನಿಂತಿದ್ದಳು ಅಂತ ಆಯಿತು. ನಿಮ್ಮ ಲ್ಯಾಪ್‌ಟಾಪಿಗೆ ಒನಕೆ ಅಂದರೆ ಎನ್‌ಕ್ರಿಪ್ಷನ್, ಕೀ ಇಲ್ಲದವರಿಗೆ ಓದಲು ಬಾರದ ಹಾಗೆ ಫೈಲುಗಳನ್ನು ಗೂಢಲಿಪಿಯಲ್ಲಿ ಇಡೋದು.

ವಿಂಡೋಸ್‌ನ ಪ್ರೊ ಆವೃತ್ತಿ ಇದ್ದರೆ ಅದರಲ್ಲೇ ಬಿಟ್‌ಲಾಕರ್ ಅನ್ನೋ ಎನ್‌ಕ್ರಿಪ್ಷನ್ ಸೌಲಭ್ಯ ಇದೆ. ಹೋಮ್ ಆವೃತ್ತಿ ಇದ್ದರೆ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ'ಯಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಕಾಣುತ್ತದಾ ನೋಡಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ. ಎರಡೂ ಇಲ್ಲದಿದ್ದರೆ ವೆರಾಕ್ರಿಪ್ಟ್ ಅನ್ನೋ ಉಚಿತ ತಂತ್ರಾಂಶದಲ್ಲಿ ಬೇಕಾದಷ್ಟು ದೊಡ್ಡ ತಿಜೋರಿ ಮಾಡಿ ಫೈಲ್ ಅದರಲ್ಲಿಡಿ. ಬಿಟ್‌ಲಾಕರ್ ಆನ್ ಮಾಡಿದಾಗ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಅದೇ ಲ್ಯಾಪ್‌ಟಾಪಿನೊಳಗೆ ಉಳಿಸಿಟ್ಟು ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಮುಚ್ಚಿದವರನ್ನು ನೋಡಿದ್ದೇನೆ. ರಿಪೇರಿಗೆ ಕೊಡುವವರಿಗೂ, ಹಳೇ ಕಂಪ್ಯೂಟರ್ ಮಾರುವವರಿಗೂ ಇದೇ ಮಾತು.

ನೀವೂ ಉಬುಂಟುಗೆ ಬಂದರೆ ಒಂದು ವಿಷಯ ಗಮನಿಸಿ. 21.04 ಆವೃತ್ತಿಗಿಂತ ಮೊದಲು ಹೊಸ ಬಳಕೆದಾರರ ಹೋಮ್ ಫೋಲ್ಡರ್ ಬೇರೆ ಬಳಕೆದಾರರಿಗೂ ಓದಲು ಸಿಗುತ್ತಿತ್ತು, ಅಲ್ಲಿಂದ ಮುಂದೆ ಮುಚ್ಚಿಯೇ ಬರುತ್ತದೆ. ಹಳೇದನ್ನು ಅಪ್‌ಗ್ರೇಡ್ ಮಾಡಿಕೊಂಡು ಬಂದಿದ್ದರೆ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಬರೆದು 'ಲಾಕರ್' ಮಾಡುವ ವಿಡಿಯೋ ನೋಡಿದೆ, ಪಾಸ್‌ವರ್ಡ್ ಕೇಳುತ್ತೆ. ಒಳ್ಳೇದಾ? (ಒಬ್ಬ ಓದುಗ, ಹರಿಹರ)

ಉತ್ತರ: ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಎಡಿಟ್' ಕೊಟ್ಟು ನೋಡಿ. ಪಾಸ್‌ವರ್ಡ್ ಅಲ್ಲೇ ಬರೆದಿರುತ್ತದೆ. ಅದು ಮಾಡೋದು ಫೋಲ್ಡರಿನ ಹೆಸರು ಬದಲಿಸಿ ಹೈಡ್ ಮಾಡೋದು ಮಾತ್ರ.

ಪ್ರಶ್ನೆ: ಎಪಿಎಂಸಿಯಲ್ಲಿ ನಮ್ಮದು ದಲ್ಲಾಳಿ ಅಂಗಡಿ. ಎರಡು ಕಂಪ್ಯೂಟರ್ ವೈಫೈನಲ್ಲಿ ಜೋಡಿಸಿದ್ದೇವೆ, ಎರಡನೆಯದು ಇನ್ನೂ ವಿಂಡೋಸ್ 10ರಲ್ಲಿದೆ. ಮೆಕ್ಕೆಜೋಳದ ಸೀಜನ್ನಿಗೆ ಎರಡು ತಿಂಗಳ ಮಟ್ಟಿಗೆ ಒಬ್ಬ ಗುಮಾಸ್ತ ಬರುತ್ತಾನೆ. ಅವನಿಗೆ ಬಿಲ್ ಫೋಲ್ಡರ್ ಸಾಕು, ರೈತರಿಗೆ ಕೊಟ್ಟ ಮುಂಗಡದ ಲೆಕ್ಕ ಕಾಣಬಾರದು. ಈಗ ಡಿ ಡ್ರೈವ್ ಪೂರ್ತಿ ಶೇರ್ ಆಗಿದೆ, ಪಾಸ್‌ವರ್ಡ್ ಕೇಳದ ಹಾಗೆ ಇಟ್ಟಿದ್ದೇವೆ. (ದಲ್ಲಾಳಿ, ದಾವಣಗೆರೆ)

ಉತ್ತರ: ಪೂರ್ತಿ ಡ್ರೈವ್ ಶೇರ್ ಮಾಡಿ, ಪಾಸ್‌ವರ್ಡೂ ಬೇಡ ಅಂದರೆ ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿರುವ ಲಾರಿ ಡ್ರೈವರ್ ಕೂಡ ಲೆಕ್ಕ ನೋಡಬಹುದು ಸಾಹುಕಾರ್ರೇ. ಮೊದಲು ಆ ಶೇರ್ ತೆಗೆಯಿರಿ. ಆಮೇಲೆ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್'ನಲ್ಲಿ ಪಾಸ್‌ವರ್ಡ್ ಕೇಳುವುದನ್ನು ಮತ್ತೆ ಆನ್ ಮಾಡಿ.

ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಗುಮಾಸ್ತನ ಹೆಸರಿಗೆ ಒಂದು ಸ್ಟ್ಯಾಂಡರ್ಡ್ ಖಾತೆ ತೆರೆಯಿರಿ, ಇಲ್ಲಿ ಪಾಸ್‌ವರ್ಡ್ ಬೇಕೇ ಬೇಕು. 'ಬಿಲ್' ಫೋಲ್ಡರ್ ಒಂದನ್ನೇ ಶೇರ್ ಮಾಡಿ, ಅವನ ಹೆಸರಿಗೆ ಮಾತ್ರ. ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. 'ಶೇರಿಂಗ್' ಟ್ಯಾಬ್‌ನಲ್ಲಿ ಒಂದು ಹಕ್ಕಿನ ಪಟ್ಟಿ, 'ಸೆಕ್ಯುರಿಟಿ' ಟ್ಯಾಬ್‌ನಲ್ಲಿ ಇನ್ನೊಂದು. ನೆಟ್‌ವರ್ಕ್‌ನಿಂದ ಬರುವವರಿಗೆ ಎರಡೂ ಲಾಗು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಆದರೆ ಅವನು ಅದೇ ಕಂಪ್ಯೂಟರಿನ ಮುಂದೆ ಬಂದು ಕೂತರೆ ಶೇರಿಂಗ್ ಪಟ್ಟಿಗೆ ಬೆಲೆಯೇ ಇಲ್ಲ, ಸೆಕ್ಯುರಿಟಿ ಮಾತ್ರ ಕಾಯುತ್ತದೆ. ಹಾಗಾಗಿ ಮುಂಗಡದ ಫೋಲ್ಡರಿಗೆ ಮೊದಲ ಪ್ರಶ್ನೆಯಲ್ಲಿ ಹೇಳಿದ ಹಾಗೆ ಬೀಗ ಹಾಕಿ. ಬಿಲ್ ಫೋಲ್ಡರಿನಲ್ಲೂ ಅವನಿಗೆ 'ಮಾಡಿಫೈ' ಕೊಟ್ಟರೆ ಹಳೇ ಬಿಲ್ ಅಳಿಸಲೂ ಆಗುತ್ತದೆ. ದಿನದ ಕೊನೆಗೆ ಆವತ್ತಿನ ಬಿಲ್‌ಗಳನ್ನು ನೀವೇ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ.

ನಿಮ್ಮ ಎರಡನೇ ಕಂಪ್ಯೂಟರ್ ಇನ್ನೂ ವಿಂಡೋಸ್ 10ರಲ್ಲಿದೆ ಅಂತ ಬರೆದಿದ್ದೀರಿ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಲೆಕ್ಕ ಇಡುವ ಕಂಪ್ಯೂಟರ್ ಅದಾಗದಿರಲಿ. ಸೀಜನ್ ಮುಗಿದು ಗುಮಾಸ್ತ ಊರಿಗೆ ಹೊರಟ ದಿನವೇ ಅವನ ಖಾತೆಯನ್ನು ತೆಗೆದುಹಾಕಿ. ಮುಂದಿನ ವರ್ಷ ಬಂದರೆ ಹೊಸದು ಮಾಡಿದರಾಯಿತು, ಐದು ನಿಮಿಷದ ಕೆಲಸ.